ಬರ್ತೀನಿ ಅಂದಿದ್ರಲ್ಲ

ಡಾಕ್ಟರಮ್ಮನಿಗೆ ಆಸ್ಪತ್ರೆಯವರು ಕೊಟ್ಟ ಬಿಳಿ ಕೋಟು ಯಾರೋ ಆಜಾನುಬಾಹುವಿಗೆ ಹೊಲಿದದ್ದು. ಅದರ ಭುಜ ಇವಳ ತೋಳಿನ ಮೇಲೆ ಕೂತಿತ್ತು, ತೋಳು ಬೆರಳ ತುದಿಯನ್ನೂ ದಾಟಿ ಇಳಿದಿತ್ತು. ಉಗ್ರಾಣದವನನ್ನು ಕೇಳಿದರೆ, "ಕಾಯಂ ಡಾಕ್ಟರಿಗೆ ಮಾತ್ರ ಅಳತೆ ತಗೊಳ್ಳೋದು. ನಿಮ್ಮಂಥೋರಿಗೆ ಇರೋದನ್ನ ಕೊಡ್ತೀವಿ" ಅಂದ. ನಿಮ್ಮಂಥವರು ಅಂದರೆ ಹೊರದೇಶದಲ್ಲಿ ಓದಿ ಇಲ್ಲಿಗೆ ದುಡಿಯಲು ಬಂದವರು. ತನ್ನ ದೇಶದಲ್ಲಿ ಅವಳು ಇಡೀ ಶಸ್ತ್ರಚಿಕಿತ್ಸೆಯ ವಿಭಾಗವನ್ನು ನಡೆಸಿದವಳು, ಅವಳು ಒಳಗೆ ಕಾಲಿಟ್ಟರೆ ಕಿರಿಯ ಡಾಕ್ಟರುಗಳು ಎದ್ದು ನಿಲ್ಲುತ್ತಿದ್ದರು. ಇಲ್ಲಿ ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗರಿಗೂ ಅವಳೇ ದಾರಿ ಬಿಡಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯಾಗಿದ್ದವಳು ತಿರುಗಿ ಸೊಸೆಯಾಗಬೇಕಾಗಿ ಬಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಗಾದೆ ಕಟ್ಟಿದವರು ಹೇಳಿಹೋಗಲಿಲ್ಲ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಹೊರಗಿನಿಂದ ಬಂದ ಡಾಕ್ಟರ ಪಾಳಿ ಸಂಜೆಗೆ ಮುಗಿಯುತ್ತದೆ. ಬಾಗಿಲ ಪಕ್ಕದ ಯಂತ್ರಕ್ಕೆ ಕಾರ್ಡು ತೋರಿಸಿದರೆ ಅದು ಕುಯ್ ಎಂದು ಕೂಗಿ, ಇವರು ಹೋದರು ಎಂದು ಬರೆದುಕೊಳ್ಳುತ್ತದೆ. ಹಾಗೆ ಬರೆಸಿಕೊಂಡ ಮೇಲೆ ಹೋಗಬಾರದು, ತಿರುಗಿ ವಾರ್ಡಿಗೆ ಬರಬೇಕು. ಅಲ್ಲಿಂದಾಚೆಗಿನದಕ್ಕೆಲ್ಲ ಕಲಿಕೆಯ ವೇಳೆ ಎಂದು ಹೆಸರು. ಮಾಡುವ ಕೆಲಸ ಅದೇ, ರೋಗಿಗಳು ಅವರೇ, ಬೆನ್ನುನೋವೂ ಅದೇ. ಆದರೆ ಕಲಿಯಲು ಬಂದವರು ಕೂಲಿ ಕೇಳುವಂತಿಲ್ಲ, ರೋಗಿಯ ಹಾಳೆಯಲ್ಲಿ ಒಂದಕ್ಷರ ಬರೆಯುವಂತಿಲ್ಲ. ಹೇಳುವುದೇನಿದ್ದರೂ ನರ್ಸಿಗೆ ಬಾಯಲ್ಲಿ ಹೇಳಬೇಕು. ದಾಖಲೆಯ ಪ್ರಕಾರ ಅವರು ಮನೆಯಲ್ಲಿ ಹಾಯಾಗಿ ಮಲಗಿರುತ್ತಾರೆ.

ಈ ಪದ್ಧತಿಯ ಕರ್ತೃ ವಿಭಾಗದ ದೊಡ್ಡ ಡಾಕ್ಟರು. ಡಾಕ್ಟರಮ್ಮನ ಗಂಡ ಅವನಿಗೆ ಸುಸ್ವಾಗತ ಎಂದು ಹೆಸರಿಟ್ಟಿದ್ದ. ಯಾಕೆಂದರೆ ಆ ಮನುಷ್ಯ ಬೈಯುವ ಮುಂಚೆ, ರಜೆ ಇಲ್ಲ ಎನ್ನುವ ಮುಂಚೆ, ಯಾವಾಗಲೂ ಎರಡೂ ಕೈ ಚಾಚಿ "ನಿಮ್ಮಂಥವರಿಗೆ ಇಲ್ಲಿ ಸದಾ ಸ್ವಾಗತ" ಎಂದೇ ಶುರುಮಾಡುತ್ತಿದ್ದ. ಅವನು ಒಳ್ಳೆಯ ಮಾತು ಬರೆದರೆ ಅವಳಿಗೆ ಕೆಲಸ. ಕೆಲಸವಿದ್ದರೆ ಆ ದೇಶದಲ್ಲಿರಲು ಅಪ್ಪಣೆ. ಅವಳ ಅಪ್ಪಣೆಯ ಬಾಲ ಹಿಡಿದುಕೊಂಡು ಗಂಡನ ಅಪ್ಪಣೆ. ಗಂಡನೂ ಡಾಕ್ಟರೇ, ಮಕ್ಕಳ ಡಾಕ್ಟರು. ಇಲ್ಲಿಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು, ಈಗ ವ್ಯಾನಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದ. "ಮೊದ್ಲು ಮಕ್ಕಳನ್ನ ಅಲ್ಲಾಡಿಸಿ ನೋಡ್ತಿದ್ದೆ, ಈಗ ಡಬ್ಬ ಅಲ್ಲಾಡಿಸಿ ನೋಡ್ತೀನಿ. ಡಬ್ಬ ಅಳಲ್ಲ, ಅದೊಂದು ಸುಖ" ಎಂದು ನಗಿಸುತ್ತಿದ್ದ. ಅವಳು ನಕ್ಕು, ಆಮೇಲೆ ಅವನ ಪರೀಕ್ಷೆಯ ಪುಸ್ತಕಗಳ ಧೂಳು ಒರೆಸಿಡುತ್ತಿದ್ದಳು.

ಭಾಷೆಯ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ನೋವು, ಉರಿ, ಚುಚ್ಚು, ಸೆಳೆತ, ಎಲ್ಲಕ್ಕೂ ಆ ಭಾಷೆಯ ಮಾತು ಅವಳಿಗೆ ಗೊತ್ತಿತ್ತು. ಕಷ್ಟವಾಗಿದ್ದು ಒಂದೇ ಒಂದು. ರೋಗಿಯ ಹತ್ತಿರದಿಂದ ಏಳುವಾಗ ಅಲ್ಲಿಯವರು 'ನಾನು ಹೋಗುತ್ತೇನೆ' ಎಂದು ಸಲೀಸಾಗಿ ಹೇಳಿ ಹೋಗುತ್ತಿದ್ದರು. ಮಲಗಿದವರ ಮುಂದೆ ನಿಂತು ಹಾಗೆನ್ನಲು ಅವಳ ಬಾಯಿ ಬರುತ್ತಿರಲಿಲ್ಲ. ನಮ್ಮಲ್ಲಿ ಯಾರು ತಾನೇ ಹಾಗಂದಾರು? ಅಂಗಡಿಗೆ ಹೊರಟ ಮಗು 'ಹೋಗ್ತೀನಿ' ಅಂದರೂ ಅಜ್ಜಿಯರು ತಡೆದು ನಿಲ್ಲಿಸಿ 'ಹೋಗಿ ಬರ್ತೀನಿ ಅನ್ನು' ಎಂದು ತಿದ್ದುತ್ತಾರೆ. ಭಾಷೆಯ ತರಗತಿಯ ಮೇಡಂ ಎಷ್ಟು ತಿದ್ದಿದರೂ ಅಜ್ಜಿ ತಿದ್ದಿದ್ದು ಮೊದಲು ತಾನೇ. ಹಾಗಾಗಿ ಅವಳು ಏಳುವಾಗ ಮಾತೇ ಆಡದೆ, ಒಮ್ಮೆ ಹೊದಿಕೆ ಸರಿಮಾಡಿ, ನಕ್ಕು ಸರಿದುಬಿಡುತ್ತಿದ್ದಳು. ಮೈಮೇಲೆ ಎಚ್ಚರವಿದ್ದ ದಿನಗಳಲ್ಲಿ ಅಷ್ಟು ಸಾಕಾಗುತ್ತಿತ್ತು.

ಆ ದಿನ ಎಚ್ಚರ ಇರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಬಂದವಳು. ಸಂಜೆ ಯಂತ್ರದ ಹತ್ತಿರ ಕುಯ್ ಅನ್ನಿಸಿಕೊಂಡು ಹಿಂದಿರುಗಿದವಳು. ಆ ದಿನ ಅವಳಿಗೆ ರಜೆ ಎಂದಿತ್ತು, ಆದರೆ ಕಲಿಕೆಗೆ ರಜೆ ಎಲ್ಲಿಯದು? ಮಧ್ಯಾಹ್ನದ ಊಟದ ಹೊತ್ತು ಕಳೆದರೂ ವಾರ್ಡಿನಲ್ಲೇ ಇದ್ದಳು. ಗೋಡೆಗೆ ಒರಗಿದರೆ ನಿದ್ದೆ ಬಂದುಬಿಡುತ್ತದೆ ಎಂದು ಗೋಡೆಯಿಂದ ದೂರ ನಡೆಯುತ್ತಿದ್ದಳು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ ದರ್ಜಿ ಇದ್ದ. ಹೊಟ್ಟೆಯೊಳಗೆ ಹುಣ್ಣು ಒಡೆದು ಬಂದವನು. ಹಿಂದಿನ ದಿನ ಸುಸ್ವಾಗತ ಆಪರೇಷನ್ ಮಾಡಿದ್ದ, ಇವಳು ಎದುರು ನಿಂತು ಕೈಜೋಡಿಸಿದ್ದಳು.

ದರ್ಜಿ ಅಜ್ಜ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾರದ್ದಮ್ಮ ಈ ಕೋಟು?" ಎಂದು ಕೇಳಿದ.

"ನಂದೇ."

"ಸುಳ್ಳು. ನೀವು ಇದನ್ನ ಹಾಕ್ಕೊಂಡಿಲ್ಲ, ಇದೇ ನಿಮ್ಮನ್ನ ಹಾಕ್ಕೊಂಡಿದೆ."

ಅವಳಿಗೆ ನಗು ಬಂತು. ಆ ಆಸ್ಪತ್ರೆಗೆ ಸೇರಿದ ಮೇಲೆ ತನ್ನನ್ನು ಒಬ್ಬರು ಇಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು ಅನ್ನಿಸಿತು. ಅಜ್ಜ ಬಿಡಲಿಲ್ಲ. "ಬಲಗಡೆ ಭುಜ ಇಳಿದಿದೆ. ಚೀಲಾನ ಯಾವಾಗ್ಲೂ ಆ ಕಡೆಗೇ ಹಾಕ್ತೀರಿ, ಹೌದೋ ಅಲ್ವೋ? ಒಂದಿಷ್ಟು ಗುಂಡುಪಿನ್ನು ತಂದುಕೊಡಿ, ಮಲ್ಕೊಂಡೇ ಸರಿ ಮಾಡಿಕೊಡ್ತೀನಿ. ಹೊಲಿಗೆ ಆಮೇಲೆ ಯಾರು ಬೇಕಾದ್ರೂ ಹಾಕ್ಲಿ."

ಅವಳು ಅವನ ಮಣಿಕಟ್ಟು ಹಿಡಿದಿದ್ದಳು. ನಾಡಿ ಬೇಕಾದದ್ದಕ್ಕಿಂತ ಜೋರಾಗಿ ಓಡುತ್ತಿತ್ತು. ಹಣೆಯಲ್ಲಿ ಸಣ್ಣಗೆ ಬೆವರು. ಹೊಲಿಗೆ ಹಾಕಿದ ಕಡೆ ಒಳಗೆ ರಕ್ತ ಜಿನುಗುತ್ತಿರಬಹುದು, ಇಲ್ಲದೆಯೂ ಇರಬಹುದು. ಊರಲ್ಲಾಗಿದ್ದರೆ ಕುರ್ಚಿ ಎಳೆದುಕೊಂಡು ಅಲ್ಲೇ ಕೂತುಬಿಡುತ್ತಿದ್ದಳು. ಆದರೆ ಆಗ ಅವಳ ಕಣ್ಣ ಮುಂದೆ ಅಜ್ಜನ ಮುಖ ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು. ಕೂತರೆ ಬೀಳುತ್ತೇನೆ, ಬಿದ್ದರೆ ಇವರು ನನ್ನನ್ನೇ ಇನ್ನೊಂದು ಹಾಸಿಗೆಗೆ ಹಾಕುತ್ತಾರೆ ಅನ್ನಿಸಿತು. ನರ್ಸಿನ ಮೇಜಿನ ಹತ್ತಿರ ಹೋಗಿ, "ಆ ಅಜ್ಜನ ನಾಡಿ ನಂಗೆ ಹಿಡಿಸ್ತಿಲ್ಲ. ಬಿಪಿ ಮೇಲೆ ಮೇಲೆ ನೋಡ್ತಿರಿ. ಇಳಿದ್ರೆ ದೊಡ್ಡ ಡಾಕ್ಟರನ್ನ ಕರೀಬೇಕು" ಎಂದಳು. ಚೀಲ ತೆಗೆದುಕೊಂಡಳು. ಅಜ್ಜನ ಹಾಸಿಗೆ ದಾಟುವಾಗ, ನರ್ಸಿಗೂ ಅಜ್ಜನಿಗೂ ಸೇರಿ ಕೇಳುವ ಹಾಗೆ, ಆ ದೇಶದ ಭಾಷೆಯಲ್ಲಿ, ಒಂದು ತಪ್ಪೂ ಇಲ್ಲದ ವ್ಯಾಕರಣದಲ್ಲಿ ಹೇಳಿದಳು: "ಹೋಗಿ ಬರ್ತೀನಿ."

ಬಸ್ಸಿನಲ್ಲೇ ನಿದ್ದೆ ಹೋದಳು. ಇಳಿಯುವ ಜಾಗ ದಾಟಿಹೋಗಿ, ಹಿಂದಕ್ಕೆ ನಡೆದುಕೊಂಡು ಮನೆ ಸೇರಿ, ಚಪ್ಪಲಿ ಸಹ ತೆಗೆಯದೆ ಬಿದ್ದುಕೊಂಡಳು.

ಮರುದಿನ ಬೆಳಿಗ್ಗೆ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ನರ್ಸಿನ ಕಣ್ಣು ಊದಿಕೊಂಡಿತ್ತು. ಅವಳು ಅದೇ ಊರಿನ ಹೆಂಗಸು, ವಯಸ್ಸಾದವಳು, ಕೆಟ್ಟವಳಲ್ಲ. ಡಾಕ್ಟರಮ್ಮನನ್ನು ಕಂಡದ್ದೇ ಎದ್ದು ಬಂದು ತೋಳು ಹಿಡಿದು, "ಎಲ್ಲಿ ಹೋಗಿದ್ರಿ? ಬರ್ತೀನಿ ಅಂದಿದ್ರಲ್ಲ?" ಎಂದು ಕೇಳಿದಳು.

"ಯಾವಾಗ ಅಂದೆ?"

"ಹೋಗಿ ಬರ್ತೀನಿ ಅಂದ್ರಿ. ಬಿಪಿ ಸ್ವಲ್ಪ ಇಳೀತು. ನೀವು ಈಗ ಬರ್ತೀರಿ, ಆಗ ಬರ್ತೀರಿ ಅಂತ ನೋಡ್ದೆ. ದೊಡ್ಡೋರನ್ನ ಸುಮ್ಸುಮ್ನೆ ಕರೆದ್ರೆ ನಮ್ಮನ್ನ ಹುರಿದು ಮುಕ್ತಾರೆ, ನಿಮಗೇ ಗೊತ್ತಲ್ಲ. ಅಜ್ಜ ನೋಡಿದ್ರೆ, ಬೇರೆ ಯಾರನ್ನೂ ಕರೀಬೇಡಿ, ಡಾಕ್ಟರಮ್ಮ ಬರ್ತೀನಿ ಅಂದಿದಾರೆ, ಗುಂಡುಪಿನ್ನು ತಂದಿಡಿ ಅಂತ ಒಂದೇ ಸಮ. ಸಂಜೆ ಒಂದೇ ಸಲ ಕುಸಿದುಬಿಟ್ರು. ಆಮೇಲೆ ಕರೆದೆ. ಆಮೇಲೆ ಕರೆದು ಏನು ಬಂತು?"

ಡಾಕ್ಟರಮ್ಮ ಕಿಟಕಿ ಪಕ್ಕದ ಹಾಸಿಗೆಯ ಕಡೆ ನೋಡಿದಳು. ನರ್ಸು ಕೇಳಿಸಿಕೊಂಡದ್ದರಲ್ಲಿ ತಪ್ಪಿರಲಿಲ್ಲ. ತಾನು ಹೇಳಿದ್ದರಲ್ಲೂ, ಹೇಳಿದವಳ ಮನಸ್ಸಿನಲ್ಲಿ, ತಪ್ಪಿರಲಿಲ್ಲ. ಎರಡು ಸರಿಗಳ ನಡುವೆ ಒಬ್ಬ ಮನುಷ್ಯ ಕಾದು ಕಾದು ಸತ್ತಿದ್ದ. ಅವಳು ಶೌಚದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಕೋಟಿನ ಉದ್ದ ತೋಳನ್ನು ಬಾಯಿಗೆ ಒತ್ತಿ ಹಿಡಿದು ಅತ್ತಳು.

ದರ್ಜಿಗೆ ಒಬ್ಬಳೇ ಮಗಳು, ಶಾಲೆಯ ವ್ಯಾನ್ ಓಡಿಸುವವಳು. ಮಧ್ಯಾಹ್ನವಿಡೀ ಒಬ್ಬ ಡಾಕ್ಟರೂ ಯಾಕೆ ಬರಲಿಲ್ಲ, ಬರುತ್ತೇನೆ ಎಂದವರು ಯಾರು ಎಂದು ಆಸ್ಪತ್ರೆಯನ್ನು ಕೇಳಿದಳು. ಬಾಯಲ್ಲಿ ಕೇಳಿ ಬಿಡಲಿಲ್ಲ, ಮೇಲಿನವರೆಗೂ ಹೋದಳು. ಅವಳನ್ನು ಕೂರಿಸಿ ಉತ್ತರ ಹೇಳಬೇಕೆಂದು ಒಂದು ಸಭೆ ನಿಗದಿಯಾಯಿತು. ಸುಸ್ವಾಗತ ಡಾಕ್ಟರಮ್ಮನನ್ನು ತನ್ನ ಕೋಣೆಗೆ ಕರೆಸಿ, ಎರಡೂ ಕೈ ಚಾಚಿದ.

"ನಿಮ್ಮಂಥವರಿಗೆ ಇಲ್ಲಿ ಸದಾ ಸ್ವಾಗತ. ಹೆದರ್ಕೋಬೇಡಿ. ನಿಮ್ಮ ತಪ್ಪು ಏನೂ ಇಲ್ಲ. ನೀವು ಅವತ್ತು ಇಲ್ಲಿ ಇರಲೇ ಇಲ್ಲ."

"ಇದ್ದೆ ಸರ್."

"ಹಿಂದಿನ ದಿನ ಸಂಜೆಯೇ ಹೋಗಿದೀರಿ. ಯಂತ್ರ ಸುಳ್ಳು ಹೇಳುತ್ತಾ?"

"ಅಜ್ಜನ ಹತ್ರ ಮಾತಾಡಿದೀನಿ. ಬರ್ತೀನಿ ಅಂತ ನಾನೇ ಹೇಳಿದೀನಿ."

"ಅಜ್ಜ ಬಡಬಡಿಸ್ತಿದ್ರು. ಗುಂಡುಪಿನ್ನು ಕೊಡಿ ಅಂತಿದ್ರಂತೆ. ಆಪರೇಷನ್ ಆದ ಮುದುಕರಿಗೆ ಬುದ್ಧಿ ಭ್ರಮೆ ಆಗೋದು ಎಲ್ಲಾದ್ರೂ ಇರೋದೇ. ಮಗಳಿಗೂ ಅದು ಸಮಾಧಾನ." ಅವನು ಪೆನ್ನನ್ನು ಮುಚ್ಚಿ ತೆರೆದು ಮಾಡಿದ. "ನಿಮ್ಮ ಬಗ್ಗೆ ನಾನು ಬರೆದು ಕಳಿಸಬೇಕಾದ್ದು ಈ ತಿಂಗಳೇ ಅಲ್ವಾ? ನೀವು ಸಭೇಲಿ ಸುಮ್ನೆ ಕೂತಿರಿ. ಕೇಳಿದ್ರೆ, ಇರಲಿಲ್ಲ ಅನ್ನಿ. ಅದೊಂದು ಮಾತು ಸಾಕು."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಅಡುಗೆಕಟ್ಟೆಗೆ ಒರಗಿ ನಿಂತು ಕೇಳಿದ. ಆ ದಿನ ತಮಾಷೆ ಮಾಡಲಿಲ್ಲ.

"ನೀನು ಹೇಳಿದ್ರೆ ಸತ್ತೋರು ಎದ್ದು ಬರ್ತಾರೇನೇ?"

"ಇಲ್ಲ."

"ಆ ಸುಸ್ವಾಗತನ ಕೂದಲೂ ಕೊಂಕಲ್ಲ. ಹೋಗೋದು ನಾವು. ಊರಲ್ಲಿ ಏನಿದೆ ಈಗ? ನಿನ್ನ ಜಾಗದಲ್ಲಿ ಬೇರೆಯೋರು ಕೂತು ಎಷ್ಟೋ ಕಾಲ ಆಯ್ತು. ನಾನು ಈ ಸಲ ಪಾಸಾಗ್ತೀನಿ ಕಣೆ, ಆಣೆ ಮಾಡಿ ಹೇಳ್ತೀನಿ."

"ಬುದ್ಧಿ ಕೆಟ್ಟು ಸತ್ರು ಅಂತ ಆ ಮಗಳಿಗೆ ಹೇಳ್ತಾರಂತೆ ರೀ. ಅವರ ಬುದ್ಧಿ ಚೆನ್ನಾಗಿತ್ತು. ನಾನು ಬಲಗಡೆ ಚೀಲ ಹಾಕ್ತೀನಿ ಅಂತ ಭುಜ ನೋಡಿ ಹೇಳಿದ್ರು. ಅಂಥವರನ್ನ ಹುಚ್ಚ ಅಂತ ಹೇಳಿ ಮಣ್ಣು ಮಾಡೋದಾ? ತಂದೆಯ ಹೆಸರಾದ್ರೂ ಉಳಿಯಬೇಡ್ವಾ ಅವಳಿಗೆ?"

ಗಂಡ ಕಟ್ಟೆಯ ಮೇಲಿನ ನೀರು ಒರೆಸಿದ. ಕಡೆಗೆ, "ನಿಂಗೆ ಹೇಳ್ಬೇಡ ಅನ್ನೋ ಬಾಯಿ ನಂಗೆ ಇಲ್ಲ. ಹೇಳು ಅನ್ನೋ ಧೈರ್ಯಾನೂ ಇಲ್ಲ" ಎಂದ. ಊಟಕ್ಕೆ ತಟ್ಟೆ ಇಟ್ಟುಕೊಂಡರು. ಇಬ್ಬರ ತಟ್ಟೆಯ ಅನ್ನವೂ ಹಾಗೇ ಮತ್ತೆ ಪಾತ್ರೆಗೆ ಹೋಯಿತು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮುಚ್ಚಿದ ಕಿಟಕಿ, ನೀರಿನ ಲೋಟಗಳು. ಒಂದು ಕಡೆ ಸುಸ್ವಾಗತ, ಆಡಳಿತದ ಒಬ್ಬ ಹೆಂಗಸು, ತಲೆ ತಗ್ಗಿಸಿದ ನರ್ಸು, ತುದಿಯಲ್ಲಿ ಡಾಕ್ಟರಮ್ಮ. ಇನ್ನೊಂದು ಕಡೆ ದರ್ಜಿಯ ಮಗಳು ಒಬ್ಬಳೇ. ವ್ಯಾನಿನ ಕೀಲಿಗೊಂಚಲನ್ನು ಮೇಜಿನ ಮೇಲಿಡದೆ ಮುಷ್ಟಿಯಲ್ಲೇ ಹಿಡಿದಿದ್ದಳು. ಸುಸ್ವಾಗತ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಎಲ್ಲ ವಿವರಿಸಿದ. ಹುಣ್ಣು ದೊಡ್ಡದಿತ್ತು, ವಯಸ್ಸಾಗಿತ್ತು, ಆ ಮಧ್ಯಾಹ್ನ ಯಾವ ಡಾಕ್ಟರೂ ಬರುತ್ತೇನೆಂದು ಹೇಳಿಹೋದದ್ದಿಲ್ಲ, ತಂದೆಯವರಿಗೆ ಭ್ರಮೆಯಾಗಿತ್ತು.

"ಭ್ರಮೆ ಅಂತ ಖಂಡಿತಾನಾ?" ಎಂದು ಮಗಳು ಕೇಳಿದಳು.

"ಖಂಡಿತ."

"ಸರಿ" ಎಂದಳು. ಹಾಗೆನ್ನುವಾಗ ಅವಳ ಮುಷ್ಟಿ ಸ್ವಲ್ಪ ಸಡಿಲವಾಯಿತು. ಡಾಕ್ಟರಮ್ಮ ಅದನ್ನು ನೋಡಿದಳು, ಆದರೆ ಅದರ ಅರ್ಥ ಅವಳಿಗೆ ಆಗ ತಿಳಿಯಲಿಲ್ಲ. ಇವಳು ಸೋತು ಕೈಬಿಡುತ್ತಿದ್ದಾಳೆ, ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡಳು.

"ಬರ್ತೀನಿ ಅಂದಿದ್ದು ನಾನು" ಎಂದಳು.

ಆಡಳಿತದ ಹೆಂಗಸು ಕತ್ತು ಹೊರಳಿಸಿದಳು. ಸುಸ್ವಾಗತ ಮಗಳ ಕಡೆಗೆ ಬಾಗಿ, "ಇವರು ಹೊರಗಿನವರು. ಒಳ್ಳೆಯ ಮನಸ್ಸು, ಭಾಷೆ ಅಷ್ಟಾಗಿ ಬರಲ್ಲ. ಬರಬೇಕಾಗಿತ್ತು ಅನ್ನೋದನ್ನ ಹೀಗೆ ಹೇಳ್ತಿದಾರೆ" ಎಂದ.

"ನಂಗೆ ಭಾಷೆ ಬರುತ್ತೆ" ಎಂದಳು ಡಾಕ್ಟರಮ್ಮ. ಅವಳ ಧ್ವನಿ ನಡುಗುತ್ತಿತ್ತು, ವ್ಯಾಕರಣ ನಡುಗಲಿಲ್ಲ. "ನಾನು ಅವತ್ತು ವಾರ್ಡಿನಲ್ಲಿದ್ದೆ. ಹಿಂದಿನ ದಿನ ಬೆಳಿಗ್ಗೆಯಿಂದ ಇದ್ದೆ. ಯಂತ್ರಕ್ಕೆ ಹೋದೆ ಅಂತ ಹೇಳಿ ಇಲ್ಲೇ ಇದ್ದೆ, ನಮ್ಮನ್ನೆಲ್ಲ ಹಾಗೇ ಇಟ್ಕೊಳ್ತಾರೆ. ನಿಮ್ಮ ತಂದೆಯ ನಾಡಿ ಹಿಡಿದು ನೋಡಿದೆ. ಅವರು ನನ್ನ ಕೋಟಿನ ಭುಜ ಇಳಿದಿದೆ, ಗುಂಡುಪಿನ್ನು ಕೊಟ್ರೆ ಸರಿ ಮಾಡ್ತೀನಿ ಅಂದ್ರು. ಅದಕ್ಕೇ ಪಿನ್ನು ಕೇಳಿದ್ದು. ಅವರ ಬುದ್ಧಿ ಸ್ಪಷ್ಟವಾಗಿತ್ತು. ನಾನು ಹೋಗಿ ಬರ್ತೀನಿ ಅಂದೆ. ನರ್ಸು ನಂಬಿದ್ರು, ಅವರದ್ದು ತಪ್ಪಿಲ್ಲ. ನಿಮ್ಮ ತಂದೆ ನಂಬಿದ್ರು. ನಾನು ಮನೆಗೆ ಹೋಗಿ ಮಲಗಿದೆ."

ನರ್ಸು ತಲೆ ಎತ್ತದೆ ಅಳತೊಡಗಿದಳು. ಸುಸ್ವಾಗತನ ಮುಖದಲ್ಲಿ ಮೊದಲ ಬಾರಿಗೆ ಸ್ವಾಗತ ಇರಲಿಲ್ಲ. ಅವನು ಸಭೆ ಇಲ್ಲಿಗೆ ಮುಗಿಯಿತೆಂದ. ಡಾಕ್ಟರಮ್ಮನಿಗೆ ಕಾರ್ಡು ಬಿಚ್ಚಿ ಮೇಜಿನ ಮೇಲಿಡಲು ಹೇಳಿದ. ಮುಂದಿನ ವಿಷಯವನ್ನು ಮನೆಗೆ ತಿಳಿಸುತ್ತೇವೆ ಎಂದ. ಏನು ತಿಳಿಸುತ್ತಾರೆ ಎಂಬುದು ಅವಳಿಗೆ ತಿಳಿಯದ್ದಲ್ಲ. ದರ್ಜಿಯ ಮಗಳು ಅಷ್ಟರಲ್ಲಿ ಎದ್ದು ಹೊರಟುಹೋಗಿದ್ದಳು.

ಕೋಟನ್ನು ಉಗ್ರಾಣದಲ್ಲಿ ಕೊಟ್ಟು ಹೊರಗೆ ಬಂದಾಗ ಬಿಸಿಲು ಚೆನ್ನಾಗಿತ್ತು. ಬಸ್ಸು ನಿಲ್ಲುವ ಕಡೆ ಕಬ್ಬಿಣದ ಬೆಂಚಿನ ಮೇಲೆ ದರ್ಜಿಯ ಮಗಳು ಕೂತಿದ್ದಳು. ವ್ಯಾನು ರಸ್ತೆಯಾಚೆ ನಿಂತಿತ್ತು. ಕೀಲಿಗೊಂಚಲು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಡಾಕ್ಟರಮ್ಮ ಹತ್ತಿರ ಹೋಗಿ ನಿಂತಳು. ತಾನು ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಇವಳಿಗೆ ಏನೋ ಸಿಕ್ಕಿದೆ ಎಂಬ ಒಂದು ಬಡ ನೆಮ್ಮದಿ ಅವಳ ಎದೆಯಲ್ಲಿತ್ತು. ಸುಳ್ಳೇಕೆ, ಒಂದು ಕೃತಜ್ಞತೆಯ ಮಾತನ್ನೂ ಅವಳು ನಿರೀಕ್ಷಿಸಿದ್ದಳು.

"ಯಾಕೆ ಹೇಳಿದ್ರಿ?" ಎಂದಳು ಮಗಳು.

"ನಿಮ್ಮ ತಂದೆ ಬುದ್ಧಿ ಕೆಟ್ಟು..."

"ಬುದ್ಧಿ ಕೆಟ್ಟಿತ್ತು ಅಂತಾನೇ ನಂಗೆ ಬೇಕಾಗಿತ್ತು." ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಅವತ್ತು ನಾನು ಶಾಲೆ ಮಕ್ಕಳನ್ನ ಮನೆಗೆ ಬಿಟ್ಟು ಬಂದೆ. ಬಂದಾಗಿಂದ ಒಂದೇ ಮಾತು, ಡಾಕ್ಟರಮ್ಮ ಬರ್ತಾರೆ, ಪಿನ್ನು ಎಲ್ಲಿ, ಪಿನ್ನು ಎಲ್ಲಿ ಅಂತ. ಸುತ್ತಮುತ್ತಲೋರು ನಗ್ತಿದ್ರು. ನಂಗೆ ರೇಗಿಹೋಯ್ತು. ಯಾವ ಡಾಕ್ಟರೂ ಇಲ್ಲ, ಯಾರೂ ಬರಲ್ಲ, ಹುಚ್ಚುಹುಚ್ಚಾಗಿ ಆಡಬೇಡ, ಬಾಯಿ ಮುಚ್ಕೊಂಡು ಮಲ್ಕೊ ಅಂತ ಕೂಗಿದೆ. ಅಪ್ಪ ಆ ಕಡೆ ತಿರುಗಿ ಮಲ್ಕೊಂಡ್ರು. ಆಮೇಲೆ ಮಾತಾಡಲೇ ಇಲ್ಲ. ಸಿಟ್ಟು ಮಾಡ್ಕೊಂಡಿದಾರೆ, ಇರ್ಲಿ ಅಂದ್ಕೊಂಡೆ." ಅವಳು ಕೀಲಿಗೊಂಚಲನ್ನು ಬೆಂಚಿನ ಮೇಲಿಟ್ಟಳು. "ಭ್ರಮೆ ಅಂತಾನೇ ಉಳಿದಿದ್ರೆ, ನಾನು ಬೈದದ್ದು ಅವರಿಗೆ ತಿಳೀಲೇ ಇಲ್ಲ ಅಂತ ಆಗ್ತಿತ್ತು. ನೀವು ಬಂದು ಅದನ್ನೂ ಕಿತ್ಕೊಂಡ್ರಿ."

ಡಾಕ್ಟರಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಒಂದು ಸತ್ಯಕ್ಕಾಗಿ ತನ್ನ ಅನ್ನವನ್ನೂ ಗಂಡನ ಅನ್ನವನ್ನೂ ಕಳೆದಿದ್ದಳು, ಆ ಸತ್ಯ ಕೊನೆಗೆ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ. ಕ್ಷಮಿಸಿ ಎಂಬ ಮಾತು ಆ ಭಾಷೆಯಲ್ಲಿ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು.

ಮಗಳು ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದಳು. "ಬರಲ್ಲ ಅಂತ ಗೊತ್ತಿದ್ದೂ ಬರ್ತೀನಿ ಅಂತ ಯಾಕಂದ್ರಿ? ಅದೊಂದು ಹೇಳಿ."

"ನಮ್ಮಲ್ಲಿ ಹೋಗ್ತೀನಿ ಅನ್ನಲ್ಲ. ಅದು ಕೆಟ್ಟ ಮಾತು, ಸಾಯೋರು ಹೋಗ್ತಾರೆ ಅಂತ. ಅದಕ್ಕೇ ಹೊರಡುವಾಗ ಹೋಗಿ ಬರ್ತೀನಿ ಅನ್ನೋದು. ಎಲ್ಲರೂ ಅಂತಾರೆ. ಕೇಳಿದೋರಿಗೆ ಅರ್ಥ ಆಗುತ್ತೆ, ಇವರು ಹೊರಟ್ರು ಅಂತ. ಯಾರೂ ಕಾಯಲ್ಲ."

ಮಗಳ ತುಟಿ ಆ ಮಾತನ್ನು ಸದ್ದಿಲ್ಲದೆ ಒಮ್ಮೆ ಹೇಳಿ ನೋಡಿತು.

"ನಿಮ್ಮ ದೇಶ ಬಿಟ್ಟು ಬರುವಾಗ್ಲೂ ಹಾಗೇ ಅಂದ್ರಾ?"

"ಹೂಂ. ಅಲ್ಲಿ ನನ್ನ ವಾರ್ಡಿತ್ತು. ಒಂದೊಂದು ಹಾಸಿಗೆ ಹತ್ರಾನೂ ಹೋಗಿ ಅಂದೆ."

"ಹೋದ್ರಾ ಮತ್ತೆ?"

"ಇಲ್ಲ" ಎಂದಳು ಡಾಕ್ಟರಮ್ಮ. "ಹೋಗಲಿಲ್ಲ."

"ಯಾರೂ ಕಾಯಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದು ದರ್ಜಿಯ ಮಗಳು ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದಳು. ಅಷ್ಟರಲ್ಲಿ ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಚಾಲಕ ಇಬ್ಬರ ಮುಖವನ್ನೂ ನೋಡಿದ. ಯಾರೂ ಏಳದ್ದನ್ನು ಕಂಡು ಬಾಗಿಲು ಹಾಕಿಕೊಂಡು ಹೊರಟುಹೋದ.